ಹಿಂದಿನ ಸೀಟಿನ್ಯಾಗ ಕುಂತು ನೋಡ್ರಿ

ಗಾಡಿ ಕೆಲಸಕ್ಕ ಹೊಸದಾಗಿ ಬರೋರಿಗೆ ನಾಲ್ಕು ಮಾತು ಬರೀರಿ ಮಿಸ್ತ್ರಿ ಅಂತ ಭಾಳ ಮಂದಿ ಗಂಟು ಬಿದ್ದಾರ. ಏನು ಬರೀಲಿ? ನನ್ನ ಬೆನ್ನು ಈಗ ಸೆಟದು ನಿಂದ್ರೂದಿಲ್ಲ. ಬಲಗೈ ಭುಜದ ಮ್ಯಾಲ ಏಳೂದಿಲ್ಲ, ಅಂಗಿ ಹಾಕ್ಕೊಳ್ಳಾಕ ಸೈತ ಹೆಂಡತಿ ತೋಳು ಹಿಡೀಬೇಕು. ಜೀವಮಾನ ಎಲ್ಲಾ ಗಾಡಿ ಕೆಳಗ ಅಂಗಾತ ಬಿದ್ದು, ಕೈ ಮ್ಯಾಲ ಎತ್ತಿ ಪಾನಾಲೆ ನಟ್ಟು ಬೋಲ್ಟು ತಿರುವಿದವರಿಗೆ ಕಡೀಗೆ ಉಳಿಯೂದು ಇದು. ಮೊದಲಿಗೇ ಹೇಳಿಬಿಡ್ತೀನಿ, ಆಮ್ಯಾಲ ಮಿಸ್ತ್ರಿ ಹೇಳಲಿಲ್ಲ ಅನಬ್ಯಾಡ್ರಿ.

ನಾ ಮಾಡಿದ್ದು ಇಂಜಿನ್ ಕೆಲಸ ಅಲ್ಲ. ಇಂಜಿನ್ ಮಿಸ್ತ್ರಿಗೆ ಒಂದು ಮರ್ಯಾದಿ ಇರತದ. ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಏನೋ ಒಂದು ಅಂದ್ರ ಮಾಲಕರು ಹೌದಂತ ಗೋಣು ಹಾಕ್ತಾರ. ನಂದು ಕೆಳಗಿನ ಕೆಲಸ. ಸ್ಪ್ರಿಂಗ್, ಶಾಕ್, ಬುಷ್, ರಾಡ್. ಮಳಿಗಾಲದಾಗ ದೇವದುರ್ಗದ ಕಡೆಯಿಂದ ಗಾಡಿ ಬಂತು ಅಂದ್ರ ಪಾನಾ ಹಿಡಿಯೂಕಿಂತ ಮೊದಲು ಕುರ್ಪಿ ಹಿಡೀಬೇಕು, ಹೊಲದಾಗ ಕಸ ತಗಿಯೋ ಕುರ್ಪಿ. ಎರಿ ಮಣ್ಣು ಒಣಗಿ ಗಾಡಿ ಹೊಟ್ಟಿಗೆ ಕಲ್ಲಿನಂಗ ಹತ್ತಿರತದ. ಅದನ್ನ ಕೆತ್ತಿ ಕೆತ್ತಿ ಬೋಲ್ಟ್ ಎಲ್ಲದ ಅಂತ ಹುಡುಕಬೇಕು. ಕೆತ್ತಿದ್ದೆಲ್ಲಾ ಕಣ್ಣಾಗ, ಬಾಯಾಗ, ಕೊರಳಪಟ್ಟಿ ಒಳಗ. ಬ್ಯಾಸಿಗಿ ಬಂತಂದ್ರ ಇನ್ನೊಂದು ತರ. ರಾಯಚೂರಿನ ಬಿಸಲಿಗೆ ಪಾನಾ ಹೊರಗ ಇಟ್ಟು ಮರತ್ರ, ಹಿಡದ ಕೂಡ್ಲೆ ಅಂಗೈ ಚುರ್ ಅಂತದ. ಇಷ್ಟೆಲ್ಲಾ ಮಾಡಿ ಗಾಡಿ ಹೊರಗ ಬಿಟ್ರ ಮಾಲಕ ಕೇಳೂದು ಒಂದೇ ಮಾತು: "ಏನ್ ಮಾಡಿದ್ರಿ ಮಿಸ್ತ್ರಿ? ಏನೂ ಕಾಣವಲ್ದು."

ಕಾಣೂದಿಲ್ಲ ಖರೆ. ಕಾಣದ್ದೇ ನಮ್ಮ ಕೆಲಸ.

ನಾ ಇಲ್ಲಿ ಹೇಳಬೇಕಂದಿದ್ದು ಒಂದು ದೊಡ್ಡ ಗಾಡಿ ಮಾತು, ಅದರಾಗ ಹೋಗಬೇಕಾಗಿದ್ದ ಒಬ್ಬ ಮುದುಕಿ ಮಾತು. ಗೌರಮ್ಮವ್ವ ಅಂತ, ಮಾನ್ವಿಯ ಒಂದು ಅಕ್ಕಿ ಮಿಲ್ಲಿನ ಸಾವ್ಕಾರ್ರ ತಾಯಿ. ಆಕಿ ಎರಡೂ ಕಿಡ್ನಿ ಕೈ ಕೊಟ್ಟಿದ್ದವು. ವಾರಕ್ಕ ಎರಡು ಸಲ ರಾಯಚೂರಿಗೆ ಬಂದು ಡಯಾಲಿಸಿಸ್ ಮಾಡಿಸಬೇಕು, ಅಂದ್ರ ಮಷೀನಿಗೆ ಹಚ್ಚಿ ರಕ್ತ ಸ್ವಚ್ಛ ಮಾಡಿಸಬೇಕು. ಆಕಿ ಒಂದು ದಿನ "ನಾ ಆ ಗಾಡಿ ಹತ್ತೂದಿಲ್ಲ" ಅಂದುಬಿಟ್ಳು. ಹತ್ತಲಿಲ್ಲ ಅಂದ್ರ ಆಕಿ ಉಳಿಯಂಗಿದ್ದಿಲ್ಲ. ಅಲ್ಲೀತನಕ ಬರಬೇಕಂದ್ರ ಸ್ವಲ್ಪ ಹಿಂದಿಂದ ಬರಬೇಕು.

ಬ್ಯಾಲೆನ್ಸ್ ರಾಡ್ ಅಂತೀವಿ ನಾವು. ಈಗಿನ ಹುಡುಗ್ರು ಮೊಬೈಲ್ ನೋಡಿ ಸ್ವೇ ಬಾರ್ ಅಂತಾರ. ಎರಡೂ ಒಂದೇ. ಎಡಗಡೆ ಗಾಲಿಯಿಂದ ಬಲಗಡೆ ಗಾಲಿಗೆ ಅಡ್ಡ ಹಾದು ಹೋಗೋ ಬಾಗಿದ ಉಕ್ಕಿನ ಸಳಿ ಅದು. ಗಾಡಿ ತಿರುವಿನ್ಯಾಗ ಒಂದು ಕಡಿಗೆ ವಾಲಿದ್ರ ಈ ಸಳಿ ಮೈ ಹಿಂಡಿಕೊಂಡು "ಎಲ್ಲಿ ಹೊಂಟಿ, ಬಾ ಇಲ್ಲಿ" ಅಂತ ವಾಪಸ್ ಜಗ್ಗತದ. ಸಳಿ ದಪ್ಪ ಇದ್ದಷ್ಟು ಜಗ್ಗೂದು ಜೋರು. ಎರಡೂ ತುದೀಗೆ ಗೇಣುದ್ದದ ಲಿಂಕ್ ಇರತಾವ, ಅವು ರಾಡಿನ ತುದಿಯನ್ನ ಗಾಲಿ ಕಡೆಗೆ ಕಟ್ಟಿ ಹಿಡದಿರತಾವ. ಇಷ್ಟು ತಿಳಕೊಂಡ್ರ ಸಾಕು, ಉಳಿದದ್ದು ಮಾತಿನ್ಯಾಗ ತಿಳೀತದ.

ನನಗ ಈ ಕೆಲಸ ಕಲಿಸಿದಾವ ಮಹಬೂಬ ಉಸ್ತಾದ. ದೇವದುರ್ಗದಾಗ ತಗಡಿನ ಶೆಡ್, ಮುಂದ ಒಂದು ಬೇವಿನ ಗಿಡ. ನಮ್ಮಪ್ಪ ಅವ್ವ ಗದ್ದಿ ಕೂಲಿಗೆ ಹೋಗೋರು, ನಾ ಒಬ್ಬಾವ ಕಬ್ಬಿಣ ಹಿಡದೆ. ಉಸ್ತಾದನ ಕೈ ಭಾಳ ಚಲೋ, ಬಾಯಿ ಭಾಳ ಕೆಟ್ಟದ್ದು. ಕಂಪನಿ ಇಂಜಿನಿಯರ್ ಬಂದ್ರೂ ಬೈತಿದ್ದ, ಬಾಡಿಗಿ ಜೀಪಿನ ಡ್ರೈವರ್ ಬಂದ್ರೂ ಬೈತಿದ್ದ. ಆತನ ಕೆಲಸದ ಕಾಯ್ದೆ ಒಂದೇ ಇತ್ತು.

"ಅರೇ ತಿಮ್ಮಪ್ಪ, ಸಪ್ಪಳ ಮಾಡೂದು ಯಾವದದ ನೋಡು, ತಗದು ಒಗಿ. ಗಿರಾಕಿಗೆ ಕಿವಿ ಇರತಾವ, ಕೆಳಗ ಬಗ್ಗಿ ನೋಡೋ ಕಣ್ಣು ಇರೂದಿಲ್ಲ."

ನಮ್ಮ ಕಡೆ ಕಲ್ಲಿನ ರೋಡಿಗೆ ಮೊದಲು ಸಾಯೂದು ಆ ಲಿಂಕೇ. ಅದರ ಒಳಗಿನ ಗೋಲಿ ಸವದು ಟಕಾಟಕ್ ಟಕಾಟಕ್ ಅಂತ ಶುರು ಹಚ್ಚತದ. ಉಸ್ತಾದ ಏನು ಮಾಡ್ತಿದ್ದ? ಎರಡೂ ಲಿಂಕ್ ಬಿಚ್ಚಿ ಮೂಲಿಗೆ ಒಗದು, ರಾಡನ್ನ ತಂತಿಲೆ ಮ್ಯಾಲ ಬಿಗದು ಕಟ್ಟಿಬಿಡ್ತಿದ್ದ. ಗಾಡಿ ಗಪ್ ಚುಪ್. ಗಿರಾಕಿ ಖುಷ್. "ಏನ್ ಕೈರೀ ಉಸ್ತಾದ್ ನಿಮ್ಮದು!" ಅಂತ ಚಾ ಕುಡಿಸಿ ಹೋಗ್ತಿದ್ರು. ದೇವದುರ್ಗ, ಮಾನ್ವಿ, ಕವಿತಾಳ, ಎಲ್ಲಿ ನೋಡಿದ್ರೂ ಇದೇ ಪದ್ಧತಿ. ಶೆಡ್ಡಿನ ಮೂಲ್ಯಾಗ ಬಿಚ್ಚಿ ಒಗದ ಲಿಂಕಿನ ಗುಡ್ಡಿ ಇರಲಿಲ್ಲ ಅಂದ್ರ ಆತ ಮಿಸ್ತ್ರೀನೇ ಅಲ್ಲ ಅನ್ನಂಗಿತ್ತು.

ಉಸ್ತಾದನ ಮ್ಯಾಲ ಈಗ ತಪ್ಪು ಹೊರಸೋದಿಲ್ಲ ನಾ. ಆಗಿನ ರೋಡಿನ್ಯಾಗ ಜೀಪು ಎತ್ತಿನ ಬಂಡಿ ಸಂಗಾಟ ಹೋಗ್ತಿತ್ತು. ಓಡೂದೇ ಇಲ್ಲ ಅಂದಮ್ಯಾಲ ವಾಲೂದು ಎಲ್ಲಿಂದ ಬರಬೇಕು? ಆತ ಹೇಳಿದ್ದು ಆ ಕಾಲಕ್ಕ ಬರೋಬ್ಬರಿ. ರೋಡು ಬದಲಾದವು, ಗಾಡಿ ಬದಲಾದವು, ನಮ್ಮ ಕೈ ಮಾತ್ರ ಬದಲಾಗಲಿಲ್ಲ.

ಅದು ತಿಳಿದದ್ದು ಕವಿತಾಳದ ಒಬ್ಬ ಕಾಳು ವ್ಯಾಪಾರಿಯಿಂದ. ಹೊಸಾ ಗಾಡಿ ತಂದಿದ್ದ, ಟಕಾಟಕ್ ಅಂತದ ಅಂತ ಉಸ್ತಾದನ ಹತ್ರ ಬಂದ. ಉಸ್ತಾದ ತನ್ನ ಕಾಯ್ದೆ ನಡಸಿದ. ಆತ ಅದೇ ಹುರುಪಿನ್ಯಾಗ ಹೊಸಾ ಡಾಂಬರ್ ರೋಡಿಗೆ ಗಾಡಿ ಬಿಟ್ಟಾನ, ಎಮ್ಮಿ ಅಡ್ಡ ಬಂದದ, ಸ್ಟೇರಿಂಗ್ ಎಳದಾನ. ಗಾಡಿ ನಿಧಾನಕ್ಕ ಮಗ್ಗಲಾಗಿ ಗದ್ದಿ ಕೆಸರಿನ್ಯಾಗ ಮಕ್ಕೊಂಡದ. ಪುಣ್ಯಕ್ಕ ಯಾರಿಗೂ ಏನೂ ಆಗಲಿಲ್ಲ. ಮ್ಯಾಲಿನ ಬಾಗಲಾ ತಗದು, ನೆಲದಾಗಿನ ಹಗೇವಿನಿಂದ ಜ್ವಾಳ ತಗಿಯೋರಂಗ ಆತನ್ನ ಎತ್ತಿ ತಗದಾರ. ಮರುದಿನ ಧೋತ್ರದ ಕೆಸರು ಒಣಗೂಕಿಂತ ಮೊದಲು ಶೆಡ್ಡಿಗೆ ಬಂದು ನಿಂತ.

"ಉಸ್ತಾದ್, ಗಾಡಿ ಯಾಕ ಬಿತ್ತು?"

"ರೋಡ್ ಭಾಳ ಚಲೋ ಮಾಡ್ಯಾರ, ಅದಕ್ಕ" ಅಂದ ಉಸ್ತಾದ.

ನಗಬ್ಯಾಡ್ರಿ, ಆತ ಹೇಳಿದ್ದು ಪೂರಾ ಸುಳ್ಳಲ್ಲ. ಅವತ್ತಿನಿಂದ ನಾ ಲಿಂಕ್ ಬಿಚ್ಚಿ ಒಗಿಯೂದು ಬಿಟ್ಟೆ, ಹೊಸಾವು ಹಾಕಾಕ ಹತ್ತಿದೆ. ಉಸ್ತಾದಗ ಸಿಟ್ಟು ಬಂತು. "ನನಗಿಂತ ಶಾಣ್ಯಾ ಆದೇನಲೇ?" ಅಂದ. ಸ್ವಲ್ಪ ದಿನ ಆದಮ್ಯಾಲ ನಾನೇ ರಾಯಚೂರಿಗೆ ಬಂದು ಮಾನ್ವಿ ರೋಡಿನ ಬದಿಗೆ ಶೆಡ್ ಹಾಕಿದೆ. ಉಸ್ತಾದ ಸಾಯೋತನಕ ಹಬ್ಬಕ್ಕ ಸುರಕುಂಬಾ ಪಾಯಸ ಕಳಸ್ತಿದ್ದ, ಮಾತು ಮಾತ್ರ ಆಡಲಿಲ್ಲ.

ರಾಯಚೂರಿಗೆ ಬಂದಮ್ಯಾಲ ದಣಿವು ಕಡಿಮಿ ಆಗಬೇಕಿತ್ತು. ಆಗಲಿಲ್ಲ. ಮೊದಲು ಗಿರಾಕಿ ಬಂದು "ಹಿಂಗ ಆಗಾಕತ್ತದ ನೋಡ್ರಿ" ಅಂತಿದ್ದ. ಈಗ ಡಬ್ಬಿ ಸಮೇತ ಸಾಮಾನು ತಂದು, ಮೊಬೈಲಿನ್ಯಾಗ ವಿಡಿಯೋ ಹಚ್ಚಿ ನನ್ನ ಮುಖಕ್ಕ ಹಿಡೀತಾನ. "ಇದನ್ನ ಹಾಕ್ರಿ, ಹಿಂಗೇ ಹಾಕ್ರಿ." ವಿಡಿಯೋದಾಗಿನ ರೋಡ್ ನೋಡಿದ್ರ ಮಾವಿನಹಣ್ಣಿನ ಸಿಪ್ಪಿ ಇದ್ದಂಗ ನುಣ್ಣಗ ಇರತದ. ಅಲ್ಲಿ ಗದ್ದಿ ನೀರು ರೋಡಿಗೆ ಬರೂದಿಲ್ಲ, ಭತ್ತದ ಲಾರಿ ಹೋಗಿ ಒಂದು ಮಗ್ಗಲಾ ಕುಸದಿರೂದಿಲ್ಲ. ಹೇಳಿದ್ರ ಯಾರು ಕೇಳ್ತಾರ? ನಾನೂ ಹೇಳಿ ಹೇಳಿ ಸಾಕಾಗಿ, ಕಡೀಗೆ "ಆತ್ರಿ, ಹಾಕೋಣ" ಅನ್ನೂದು ಕಲತೆ.

ಬಸವರಾಜ ಸಾವ್ಕಾರ್ರು ಬಂದದ್ದು ಆ "ಆತ್ರಿ, ಹಾಕೋಣ" ಅನ್ನೋ ಕಾಲದಾಗ. ಬಿಳಿ ಅಂಗಿ, ಹಣಿ ತುಂಬ ವಿಭೂತಿ. ಒಳ್ಳೆ ಮನಶ್ಯಾ, ಆದ್ರ ಅವಸರದ ಮನಶ್ಯಾ. ಅವರ ಗಾಡಿ ಕರೀದು, ಏಳು ಮಂದಿ ಕುಂದ್ರೋ ದೊಡ್ಡದು. ಕಂಪನಿಯಿಂದ ಬರತಲೇ ಎತ್ತರ, ಅದನ್ನ ಇನ್ನಷ್ಟು ಎತ್ತರ ಮಾಡಿಸಿದ್ರು. ದೇವದುರ್ಗದ ಕಡೆ ಅವರ ಗದ್ದಿ ಅವ, ಕೆನಾಲ್ ದಂಡಿ ಮ್ಯಾಲ ಹೋಗಬೇಕಾದ್ರ ಗಾಡಿ ಹೊಟ್ಟಿ ಬಡೀತದ ಅಂತ ಅಲ್ಲಿನ ಒಬ್ಬ ಮಿಸ್ತ್ರಿ ಸ್ಪ್ರಿಂಗಿನ ಮ್ಯಾಲ ದಪ್ಪ ಕಬ್ಬಿಣದ ಬಿಲ್ಲಿ ಇಟ್ಟು ಎತ್ತಿ, ಅಗಲದ ಟೈರ್ ಹಾಕಿಕೊಟ್ಟಿದ್ದ. ನಾ ಕೆಳಗ ಬಗ್ಗಿ ನೋಡಿದೆ. ಲಿಂಕ್ ಇಲ್ಲ. ರಾಡ್ ತಂತಿಲೆ ಮ್ಯಾಲ ಕಟ್ಯಾದ. ಉಸ್ತಾದನ ಗಂಟು ಎಲ್ಲಿ ನೋಡಿದ್ರೂ ನನಗ ಗುರುತು ಸಿಗತದ.

"ಮಿಸ್ತ್ರಿ, ನಮ್ಮವ್ವಗ ಡಯಾಲಿಸಿಸ್ ನಡದದ" ಅಂದ್ರು ಸಾವ್ಕಾರ್ರು. "ರಾಯಚೂರು ಮುಟ್ಟೂದ್ರಾಗ ಆಕಿಗೆ ವಾಂತಿ, ತಲಿ ತಿರುಗೂದು. ಗಾಡಿ ತೊಟ್ಲದಂಗ ತೂಗತದ ಅಂತಾಳ. ನೋಡ್ರಿ, ಹೈದರಾಬಾದಿನಿಂದ ತರಿಸೀನಿ. ಇದನ್ನ ಹಾಕಿದ್ರ ಗಾಡಿ ರೈಲ್ ಹೋದಂಗ ಹೋಗತದ ಅಂತ."

ಡಬ್ಬಿ ತಗದ್ರು. ಕೆಂಪು ಬಣ್ಣದ ಎರಡು ಬ್ಯಾಲೆನ್ಸ್ ರಾಡ್, ಮುಂದಿಂದೊಂದು ಹಿಂದಿಂದೊಂದು. ಕಂಪನಿ ರಾಡ್ ಅವುಗಳ ಮುಂದ ಹಪ್ಪಳ ಲಟ್ಟಿಸೋ ಕೋಲು. ತುದೀಗೆ ಎರಡೆರಡು ತೂತು. ಹೊರಗಿನ ತೂತಿಗೆ ಲಿಂಕ್ ಹಾಕಿದ್ರ ರಾಡ್ ಮೆತ್ತಗ, ಒಳಗಿನ ತೂತಿಗೆ ಹಾಕಿದ್ರ ಬಿಗಿ.

"ಸಾವ್ಕಾರ್ರ, ಮೊದಲು ಗಾಡಿ ಕೆಳಗಿಳಸೋಣ್ರಿ" ಅಂದೆ. "ಎತ್ತರ ಆಗಿದ್ದಕ್ಕ ತೂಗೂದು. ಅದನ್ನ ಬಿಟ್ಟು ರಾಡ್ ಹಾಕಿದ್ರ ಅರ್ಧಾ ಕೆಲಸ."

"ಇಳಿಸಿದ್ರ ಗದ್ದಿಗೆ ಹೆಂಗ ಹೋಗ್ಲಿ? ಮತ್ತ ಮಂದಿ ಏನಂದಾರು, ಮಿಲ್ಲಿನಾವ ಗಾಡಿ ಗಿಡ್ಡ ಮಾಡಿಸ್ಕೊಂಡ ಅಂತ ನಗೂದಿಲ್ಲೇನು? ನೀವು ರಾಡ್ ಹಾಕ್ರಿ. ಬಿಗೀಗೇ ಹಾಕ್ರಿ."

ಆತ್ರಿ, ಹಾಕೋಣ ಅಂದೆ.

ಕೆಲಸ ಕಲಿಯೋರು ಇಲ್ಲಿ ಒಂದು ಮಾತು ಕೇಳ್ಕೋರಿ. ರಾಡ್ ಹಾಕುವಾಗ ಗಾಡಿ ಜಾಕ್ ಮ್ಯಾಲ ಇರತದ, ಗಾಲಿ ಜೋತು ಬಿದ್ದಿರತಾವ. ಹಂಗೇ ಇದ್ದಾಗ ಬೋಲ್ಟ್ ಪೂರಾ ಬಿಗೀಬ್ಯಾಡ್ರಿ. ಕೈಲೆ ಹಿಡಿಯೋಷ್ಟು ಹಿಡಿಸಿ, ಗಾಡಿ ನೆಲಕ್ಕ ಇಳಿಸಿ, ಅದರ ಭಾರ ಅದರ ಕಾಲ ಮ್ಯಾಲ ಬಿದ್ದಮ್ಯಾಲ ಕೆಳಗ ತೂರಿ ಬಿಗೀರಿ. ಇಲ್ಲಂದ್ರ ರಾಡ್ ಹಿಡದಿರೋ ರಬ್ಬರ್ ಬುಷ್ ಹುಟ್ಟತಲೇ ತಿರಿಚಿಕೊಂಡು ಕುಂದ್ರತದ, ಜಲ್ದಿ ಹರೀತದ. ಇಳಿಸಿದ ಗಾಡಿ ಕೆಳಗ ತೂರೂದು ಭಾಳ ತ್ರಾಸು, ಮೂಗಿಗೆ ಚೇಸಿ ಹತ್ತತದ. ಅದಕ್ಕ ಯಾರೂ ಮಾಡೂದಿಲ್ಲ. ನೀವು ಮಾಡ್ರಿ.

ಎರಡೂ ರಾಡ್ ಹಾಕಿ, ಮಾನ್ವಿ ರೋಡಿನ್ಯಾಗ ಕಲ್ಮಲದ ತನಕ ಟ್ರಯಲ್ ಹೊಡದೆ. ಸಾವ್ಕಾರ್ರು ಮಗ್ಗಲ ಸೀಟಿನ್ಯಾಗ. ಏನ್ ಹೇಳ್ಲಿ! ತಿರುವಿನ್ಯಾಗ ಗಾಡಿ ನೆಟ್ಟಗ, ಲಾರಿ ದಾಟಿಸಿ ಒಳಗ ಎಳದ್ರೂ ಮಿಸುಕೂದಿಲ್ಲ. ನನಗ ಸೈತ ಖುಷಿ ಆತು, ಸುಳ್ಳು ಯಾಕ ಹೇಳ್ಲಿ. ಸಾವ್ಕಾರ್ರು ಡ್ಯಾಶ್ ಬೋರ್ಡ್ ಬಡದು "ಭಲೇ ಮಿಸ್ತ್ರಿ!" ಅಂದ್ರು. ಅವತ್ತು ಮನಿಗೆ ಹೋಗಿ ಹೆಂಡತಿ ಮುಂದ ಸ್ವಲ್ಪ ಬಡಾಯಿ ಕೊಚ್ಚಿದೆ.

ನಾಲ್ಕೈದು ದಿನ ಆಗಿರಬೇಕು, ಸಾವ್ಕಾರ್ರ ಫೋನ್. ದನಿ ಬ್ಯಾರೇನೇ ಇತ್ತು.

"ಏನ್ ಮಾಡಿಟ್ಟೀರಿ ಮಿಸ್ತ್ರಿ? ಮೊದಲು ವಾಂತಿ ಅಷ್ಟೇ ಇತ್ತು. ಹೋದ ಸಲ ದವಾಖಾನಿಗೆ ಹೋಗುವಾಗ ಅವ್ವ ಸೀಟಿನಿಂದ ಕೆಳಗ ಬಿದ್ಳು. ಇವತ್ತು ಡಯಾಲಿಸಿಸ್ ಪಾಳಿ ಇತ್ತು, ಬರೂದಿಲ್ಲ ಅಂದ್ಳು. ಸತ್ರ ಮನ್ಯಾಗ ಸಾಯ್ತೀನಿ, ಆ ಡಬ್ಬ್ಯಾಗ ಬ್ಯಾಡ ಅಂತಾಳ."

"ಬ್ಯಾರೆ ಗಾಡಿ..."

"ಬಾಡಿಗಿ ಕಾರು ಕೆಳಗ ಇರತದ, ಆಕಿಗೆ ಅಷ್ಟು ತಗ್ಗಿ ಹತ್ತಾಕ ಇಳಿಯಾಕ ಆಗೂದಿಲ್ಲ. ಆಂಬುಲೆನ್ಸ್ ಅಂದ್ರ ಹೆಣದ ಗಾಡಿ ಅಂತ ಬಾಗಲಾ ಹಾಕ್ಕೊಂಡ್ಳು. ಮುಖ ಬಾತದ ಮಿಸ್ತ್ರಿ, ಉಸುರು ತಗಿಯಾಕ ತ್ರಾಸು ಮಾಡ್ಕೊಳ್ಳಾಕತ್ಯಾಳ. ಡಾಕ್ಟರು ನಾಳಿ ತಪ್ಪಿಸಿದ್ರ ನಮ್ಮ ಕೈಯಾಗ ಇಲ್ಲ ಅಂದಾರ."

ಬೈದ್ರ ಬೈಸ್ಕೊಂತಿದ್ದೆ. ಬೈಯೂದು ಬಿಟ್ಟು ಅವರು ಅಳಾಕತ್ತಿದ್ರು. ಶೆಡ್ಡಿಗೆ ಬೀಗ ಹಾಕಿ ಮಾನ್ವಿ ಬಸ್ ಹತ್ತಿದೆ.

ಗೌರಮ್ಮವ್ವ ಪಡಸಾಲ್ಯಾಗ ಕಂಬಳಿ ಮ್ಯಾಲ ಕುಂತಿದ್ಳು. ಗಿಡ್ಡ ಆಳು, ಒಂದು ಹಿಡಿ ಮೈ. ಮುಖ ಉಬ್ಬಿತ್ತು, ಕಣ್ಣು ಮಾತ್ರ ಚುರುಕು. ನಾ ಬಾಗಲದಾಗ ನಿಂತೆ. ನಮ್ಮಪ್ಪ ಇಂಥಾ ಮನಿ ಅಂಗಳ ದಾಟಿ ಒಳಗ ಹೋದಾವಲ್ಲ, ನನ್ನ ಕಾಲಿಗೂ ಆ ರೂಢಿ ಹಂಗೇ ಉಳದದ.

"ಒಳಗ ಬಾರಪ್ಪಾ. ನೀನೇ ಏನು ಆ ಕೆಂಪು ಸಳಿ ಹಾಕಿದಾವ?"

"ಹೌದ್ರಿ ಯವ್ವಾ."

"ಹಾಕಿದಮ್ಯಾಲ ನೋಡಿದ್ಯೋ ಇಲ್ಲೋ?"

"ನೋಡೀನ್ರಿ. ಕಲ್ಮಲದ ತನಕ ಓಡಿಸಿ ನೋಡೀನಿ. ಚಲೋ ಇತ್ರಿ."

"ಎಲ್ಲಿ ಕುಂತು ನೋಡಿದಿ?"

"ಸ್ಟೇರಿಂಗ್ ಹತ್ರ ರೀ."

"ನಾ ಅಲ್ಲಿ ಕುಂದ್ರೂದಿಲ್ಲಲ್ಲ" ಅಂದ್ಳು.

ನೀವೂ ವಿಚಾರ ಮಾಡ್ರಿ. ಮಿಸ್ತ್ರಿ ಆದಾವ ಗಾಡಿ ಕೆಳಗ ಮಲಗ್ತಾನ, ಬಾನೆಟ್ಟಿನ್ಯಾಗ ತಲಿ ಹಾಕ್ತಾನ, ಟ್ರಯಲ್‌ಗೆ ಸ್ಟೇರಿಂಗ್ ಹಿಡೀತಾನ. ಹಿಂದಿನ ಸೀಟಿನ್ಯಾಗ ಮಾತ್ರ ಕುಂದ್ರೂದಿಲ್ಲ. ಅದು ಮಾಲಕರ ಮನಿ ಮಂದಿ ಸೀಟು. ನಮ್ಮ ಪ್ಯಾಂಟಿಗೆ ಗ್ರೀಸು, ಮಣ್ಣು. ಅದೊಂದೇ ಅಲ್ಲ, ನಮ್ಮಂಥಾ ಮನಿಯಿಂದ ಬಂದಾವ ಅಲ್ಲಿ ಕುಂತಾನಂದ್ರ ಯಾರೂ ಬಾಯಿ ಬಿಟ್ಟು ಏನೂ ಅನ್ನೂದಿಲ್ಲ, ಆದ್ರ ಎಲ್ಲಾರೂ ನೋಡ್ತಾರ. ಉಸ್ತಾದ ಕುಂತಾವಲ್ಲ, ನಾ ಕುಂತಾವಲ್ಲ, ನನಗ ಗೊತ್ತಿದ್ದ ಯಾವ ಮಿಸ್ತ್ರೀನೂ ಕುಂತಾವಲ್ಲ. ಇಷ್ಟು ಗಾಡಿ ಮಾಡೀವಿ, ಒಂದರಾಗೂ ಹಿಂದ ಕುಂತವರಿಗೆ ಹೆಂಗ ಆಗತದ ಅನ್ನೂದು ನಮಗ ಗೊತ್ತಿಲ್ಲ.

"ಯವ್ವಾ, ಊರ ಹೊರಗಿನ ತನಕ ಬರ್ರಿ ಸಾಕು" ಅಂದೆ. "ನೀವು ಹೆಂಗ ಕುಂದ್ರತೀರಿ ತೋರಿಸ್ರಿ, ನಾ ಮಗ್ಗಲ ಕುಂದ್ರತೀನಿ."

"ನೀ ಕುಂದ್ರತಿ?"

"ಕುಂದ್ರತೀನ್ರಿ."

ಆಕಿ ಮಗನ ಕಡೆ ಕೈ ಚಾಚಿ, "ನಡಿ ಹಂಗಾದ್ರ, ನಿನಗೂ ಗೊತ್ತಾಗ್ಲಿ" ಅಂದ್ಳು.

ಸಾವ್ಕಾರ್ರು ತಾಯಿಯನ್ನ ಎತ್ತಿ ಒಳಗ ಕುಂದ್ರಿಸಿದ್ರು. ನಾ ಹೆಗಲ ಮ್ಯಾಲಿನ ಟವಲ್ ತಗದು ಸೀಟಿಗೆ ಹಾಸಾಕ ಹೋದೆ. ಗೌರಮ್ಮವ್ವ ಟವಲ್ ಜಗ್ಗಿ ನನ್ನ ತೊಡಿ ಮ್ಯಾಲ ಒಗದ್ಳು. "ಸೀಟ್ ಒರಸಿದ್ರ ಹೋಗತದ. ಕುಂದ್ರು."

ಕುಂತು ನೋಡಿದೆ. ಸೀಟು ಎತ್ತರ, ಆಕಿ ಕಾಲು ನೆಲಕ್ಕ ಹತ್ತೂದಿಲ್ಲ. ಜೋತು ಬಿದ್ರ ಬಾವು ಬರತದ ಅಂತ ಎರಡೂ ಕಾಲು ಮ್ಯಾಲ ಮಡಚಿ, ಪೂಜಾಕ್ಕ ಕುಂತಂಗ ಕುಂತಿದ್ಳು. ಹಿರೇರ ಸೀಟು ಅಂತ ಆಕಿನ್ನ ಯಾವಾಗಲೂ ಎಡಗಡೆ ಬಾಗಲಕ್ಕ ಕುಂದ್ರಸ್ತಿದ್ರು. ಬಾಗಲದ ಮ್ಯಾಲಿನ ಹಿಡಿ ಇರೂದು ಎಡಕ್ಕ. ಆಕಿ ಎಡಗೈಯಾಗ ಡಯಾಲಿಸಿಸ್ ಸೂಜಿ ಹಾಕೋ ನರ ಮಾಡ್ಯಾರ, ಆ ಕೈಲೆ ಏನೂ ಹಿಡೀಬಾರದು, ಜಗ್ಗಬಾರದು ಅಂತ ಡಾಕ್ಟರು ಹೇಳ್ಯಾರ. ಬೆಲ್ಟ್ ಹಾಕಿದ್ರ ಕೊರಳಿನ ಲಿಂಗಕ್ಕ ಒತ್ತತದ ಅಂತ ಅದನ್ನೂ ಬಿಟ್ಟಿದ್ಳು. ಕಾಲಿಗೆ ನೆಲ ಇಲ್ಲ, ಕೈಗೆ ಹಿಡಿ ಇಲ್ಲ.

"ನೀ ಹಂಗ ಕಾಲು ಊರಬ್ಯಾಡ" ಅಂದ್ಳು ನನಗ. "ನನ್ನಂಗ ಕುಂದ್ರು."

ನಾನೂ ಕಾಲು ಮಡಚಿ ಕುಂತೆ. ಸಾವ್ಕಾರ್ರು ಗಾಡಿ ಬಿಟ್ರು.

ಚಲೋ ರೋಡು ಇರೋತನಕ ಏನೂ ಅನಸಲಿಲ್ಲ. ನೀರಮಾನ್ವಿ ಕಡೆ ಬಂದ್ವಿ ನೋಡ್ರಿ, ಭತ್ತದ ಲಾರಿಗಳು ತುಳದು ಎಡಗಡೆ ಗಾಲಿಗೆ ಸಾಲಾಗಿ ತಗ್ಗು. ದಪ್ಪ ರಾಡಿನ ಗುಣ ಏನು? ಎರಡೂ ಗಾಲಿ ಒಂದಕ್ಕೊಂದು ಕಟ್ಟಿಹಾಕಿದಂಗ ಮಾಡತದ. ಒಂದು ಗಾಲಿ ತಗ್ಗಿಗೆ ಬಿದ್ರ ಇನ್ನೊಂದನ್ನೂ ಎಳೀತದ, ಇಡೀ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾಡಸತದ. ಸ್ಟೇರಿಂಗ್ ಹಿಡದಾವ ತಗ್ಗು ಮೊದಲೇ ನೋಡಿರತಾನ, ಕೈಗೆ ಆಸರ ಇರತದ, ಕಾಲು ಊರಿರತಾನ. ಹಿಂದಿನವರಿಗೆ ಏನದ? ನನ್ನ ತಲಿ ಕಿಟಕಿ ಗ್ಲಾಸಿಗೆ ಢಣ್ ಅಂತು. ಇನ್ನೊಂದು ತಗ್ಗಿಗೆ ಗೌರಮ್ಮವ್ವ ನನ್ನ ಮೈಮ್ಯಾಲ ಬಿದ್ಳು, ಆಕಿ ಎಡಗೈ ಕಾಯ್ಬೇಕು ಅಂತ ನಾ ಅವುಚಿಕೊಂಡೆ. ಹೊಟ್ಟ್ಯಾಗಿಂದು ಗಂಟಲಿಗೆ ಬಂತು.

"ಸಾವ್ಕಾರ್ರ, ನಿಂದ್ರಸ್ರಿ!"

ಬಾಗಲಾ ತಗದು, ಇಳದು, ರೋಡಿನ ಬದಿಗೆ ಪೂರಾ ವಾಂತಿ ಮಾಡ್ಕೊಂಡೆ. ಇಷ್ಟು ವರ್ಷ ಗಾಡಿಯಾಗ ಬದುಕಿದಾವ, ಜಾಲಿ ಕಂಟಿ ಹಿಡಕೊಂಡು ನಿಂತಿದ್ದೆ. ಹಿಂದ ಗೌರಮ್ಮವ್ವ ಉಸುರಿಗೆ ಒದ್ದಾಡಕೋತ ನಗಾಕತ್ತಿದ್ಳು.

"ಬಸೂ, ನೋಡೋ, ಮಿಸ್ತ್ರಿಗೆ ಗೊತ್ತಾತಂತ!"

ಸಾವ್ಕಾರ್ರು ನಗಲಿಲ್ಲ. ನೀರಿನ ಬಾಟ್ಲಿ ಕೊಟ್ಟು ನನ್ನ ಮಗ್ಗಲ ನಿಂತ್ರು. ನಾ ಬಾಯಿ ಮುಕ್ಕಳಿಸಿ ಹೇಳಿದೆ. "ಈ ಸಲ ಆತ್ರಿ ಹಾಕೋಣ ಅನ್ನೂದಿಲ್ಲರಿ ನಾ. ಗಾಡಿ ಇಳಸಬೇಕು. ಮುಂದಿನ ದಪ್ಪ ರಾಡ್ ತಗೀಬೇಕು. ನಿಮಗ ಗದ್ದಿಗೂ ಇದೇ ಗಾಡಿ ಬೇಕು, ಅವ್ವಗೂ ಇದೇ ಗಾಡಿ ಬೇಕು ಅಂದ್ರ ಆಗೂದಿಲ್ಲ. ಒಂದು ಹೇಳ್ರಿ."

ಅವರು ಗಾಡಿ ನೋಡಿದ್ರು. ಭಾಳ ಪ್ರೀತೀಲೆ ಮಾಡಿಸಿದ ಗಾಡಿ ಅದು. ದೇವದುರ್ಗದ ಸಂತಿ ಬಯಲಿಗೆ ಹೋಗಿ ನಿಂತ್ರ ಮಂದಿ ಸುತ್ತ ನಿಂತು ನೋಡ್ತಿದ್ರಂತ. ಒಳಗ ತಾಯಿ ನಗೂದು ಮುಗಿಸಿ, ಸೀಟಿಗೆ ತಲಿ ಆನಿಸಿ, ಬಾಯಿ ತಗದು ಉಸುರು ಎಳ್ಕೊಳ್ಳಾಕತ್ತಿದ್ಳು.

"ಇಳಸ್ರಿ" ಅಂದ್ರು ಸಾವ್ಕಾರ್ರು. "ನಾ ಗದ್ದಿಗೆ ಟ್ರ್ಯಾಕ್ಟರ್ ಮ್ಯಾಲ ಹೋಗ್ತೀನಿ. ಇವತ್ತೇ ಇಳಸ್ರಿ."

ತಾಯಿಯನ್ನ ಮನಿಗೆ ಬಿಟ್ಟು ನಾವಿಬ್ಬರೂ ರಾಯಚೂರಿಗೆ ಬಂದ್ವಿ. ಹೊತ್ತು ಮುಳುಗೂದ್ರಾಗ ಮುಗಿಸಬೇಕಿತ್ತು. ಸ್ಪ್ರಿಂಗಿನ ಮ್ಯಾಲಿನ ಬಿಲ್ಲಿ ತಗದು ಗಾಡಿಯನ್ನ ಕಂಪನಿ ಎತ್ತರಕ್ಕ ತಂದೆ. ಮುಂದ, ಬಿಚ್ಚಿಟ್ಟಿದ್ದ ಮೊದಲಿನ ಸಣ್ಣ ರಾಡನ್ನೇ ಹಾಕಿದೆ, ಹೊಸಾ ಲಿಂಕ್, ಹೊಸಾ ರಬ್ಬರ್ ಬುಷ್ ಕೂಡಿಸಿ. ಹಿಂದಿನ ಕೆಂಪು ರಾಡ್ ಉಳಿಸಿಕೊಂಡೆ, ಆದ್ರ ಲಿಂಕನ್ನ ಹೊರಗಿನ ತೂತಿಗೆ ತಂದೆ, ಮೆತ್ತಗ ಆಗ್ಲಿ ಅಂತ. ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಕಡೀಗೆ ಗಾಡಿ ನೆಲಕ್ಕ ಬಿಟ್ಟು ಕೆಳಗ ತೂರಿ ಬಿಗಿಯುವಾಗ ನನ್ನ ಭುಜ ಕಟ್ ಅಂತು. ಅವತ್ತಿನಿಂದ ಅದು ಸರಿ ಆಗಲೇ ಇಲ್ಲ. ಬೆಳಕು ಸಾಲವಲ್ದು ಅಂದದ್ದಕ್ಕ ಸಾವ್ಕಾರ್ರು ಬಿಳಿ ಅಂಗ್ಯಾಗೇ ನೆಲಕ್ಕ ಬಿದ್ದು ಮೊಬೈಲಿನ ಬ್ಯಾಟರಿ ಬೆಳಕು ಹಿಡದ್ರು. ಗಾಡಿ ಕೆಳಗ ಇಬ್ಬರೂ ಮಗ್ಗಲಮಗ್ಗಲ ಮಲಗಿದ್ವಿ. "ಹುಷಾರಾಗ್ತಾಳಲ್ಲ ಮಿಸ್ತ್ರಿ?" ಅಂತ ಕೇಳಿದ್ರು. ಅದು ನನ್ನನ್ನ ಕೇಳೋ ಮಾತಲ್ಲ. ಆದ್ರೂ ಕೇಳಿದ್ರು. "ಗಾಡಿ ಅಂತೂ ತೂಗೂದಿಲ್ರಿ" ಅಂದೆ. ನನ್ನ ಕೈಯಾಗ ಇದ್ದದ್ದು ಅಷ್ಟೇ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತ ಮಾನ್ವಿಗೆ ಹೋದೆ. ಗೌರಮ್ಮವ್ವನ ಮುಖ ಇನ್ನಷ್ಟು ಬಾತಿತ್ತು, ಹಟ ಇಳದಿದ್ದಿಲ್ಲ.

"ಮಿಸ್ತ್ರಿ ಹಿಂದ ಕುಂದ್ರತಾನೇನು?" ಅಂದ್ಳು.

"ಕುಂದ್ರತೀನ್ರಿ ಯವ್ವಾ, ದವಾಖಾನಿ ತನಕ."

"ವ್ಯಾಕ್ ಅಂದ್ರ?"

"ಇಬ್ಬರೂ ಇಳದು ಮನಿಗೆ ನಡಕೋತ ಬರೋಣ್ರಿ."

ಬಂದ್ಳು. ಈ ಸಲ ಆಕಿನ್ನ ಬಲಗಡೆ ಬಾಗಲಕ್ಕ ಕುಂದ್ರಿಸಿದೆ, ಬಲಗೈಗೆ ಹಿಡಿ ಸಿಗಲಿ ಅಂತ. ಸೊಸಿ ಮಡಚಿದ ಕೌದಿ ತಂದು ಎಡಕ್ಕ ಒತ್ತಿ ಇಟ್ಳು. ಬೆಲ್ಟಿನ ಪಟ್ಟಿ ಕೆಳಗಿಳಿಸಿ, ಲಿಂಗದ ಮ್ಯಾಲ ಬರಲಾರದಂಗ ಭುಜಕ್ಕ ಹಾಯಿಸಿದೆ. ಎತ್ತರ ಇಳದಿದ್ದಕ್ಕ ಅವತ್ತು ಆಕಿನ್ನ ಎತ್ತಬೇಕಾಗಲಿಲ್ಲ. ಮಗನ ಹೆಗಲ ಮ್ಯಾಲ ಕೈ ಇಟ್ಟು ತಾನೇ ಹತ್ತಿದ್ಳು. ಹತ್ತಿ, "ಹ್ಞಾಂ, ಇದು ಮನಶ್ಯಾರು ಹತ್ತೋ ಗಾಡಿ" ಅಂದ್ಳು.

ಸಾವ್ಕಾರ್ರು ಕನ್ನಡ್ಯಾಗ ತಾಯಿಯನ್ನ ನೋಡಕೋತ ನಿಧಾನಕ್ಕ ಹೊಡದ್ರು. ನೀರಮಾನ್ವಿ ತಗ್ಗು ಬಂದವು. ಗಾಲಿ ಇಳೀತು, ಎದ್ದಿತು, ಗಾಡಿ ಸ್ವಲ್ಪ ಬಾಗಿ ತಾನೇ ನೆಟ್ಟಗ ನಿಂತಿತು. ಜಾಡಸಲಿಲ್ಲ. ನಾ ಮುಂದಿನ ತಗ್ಗಿನ ಮ್ಯಾಲೇ ಕಣ್ಣಿಟ್ಟೆ. ಹೆಂಗದ ಅಂತ ಗೌರಮ್ಮವ್ವನ್ನ ಕೇಳಾಕ ಹೆದರಿಕಿ ಇತ್ತು. ಆಕಿ ಬಲಗೈ ಹಿಡಿ ಮ್ಯಾಲ ಇತ್ತು, ಕಣ್ಣು ಹೊರಗ ಗದ್ದಿ ಮ್ಯಾಲ.

ಹೊಸದಾಗಿ ಬರೋರಿಗೆ ನಾ ಹೇಳೋ ಬುದ್ಧಿಮಾತು ಅಂದ್ರ ಇಷ್ಟೇ, ಹಿಂದಿನ ಸೀಟಿನ್ಯಾಗ ಕುಂತು ನೋಡ್ರಿ. ಯಾರು ಕುಂದ್ರತಾರ, ಹೆಂಗ ಕುಂದ್ರತಾರ, ಅವರ ಕಾಲು ನೆಲಕ್ಕ ಹತ್ತತದೇನು, ನೋಡಿ ಆಮ್ಯಾಲ ಪಾನಾ ಹಿಡೀರಿ. ಪ್ಯಾಂಟಿಗೆ ಗ್ರೀಸ್ ಹತ್ಯಾದ ಅಂತ ನಾಚಬ್ಯಾಡ್ರಿ. ಉಳಿದದ್ದೆಲ್ಲಾ ನಿಮ್ಮ ಮೊಬೈಲಿನ್ಯಾಗ ಸಿಗತದ.

ಇನ್ನ ಅವತ್ತಿನ ಮಾತಿಗೆ ಬರ್ತೀನಿ. ಕಲ್ಮಲ ಹತ್ರ ಬಂದಿತ್ತು. ಸಾವ್ಕಾರ್ರು ಕನ್ನಡಿ ನೋಡಿದವರು ಒಮ್ಮಿಗ್ಲೇ ಬ್ರೇಕ್ ಒತ್ತಿದ್ರು. ಗಾಡಿ ಮಗ್ಗಲಿಗೆ ಎಳದು, ಬಾಗಲಾ ತಗದು, ಓಡಿ ಹಿಂದಕ್ಕ ಬಂದ್ರು. ನಾ ತಿರುಗಿ ನೋಡಿದೆ. ಗೌರಮ್ಮವ್ವನ ಕೈ ಹಿಡಿಯಿಂದ ಜಾರಿ ತೊಡಿ ಮ್ಯಾಲ ಬಿದ್ದಿತ್ತು. ತಲಿ ಕೌದಿ ಕಡೆಗೆ ವಾಲಿತ್ತು, ಬಾಯಿ ಸ್ವಲ್ಪ ತೆರದಿತ್ತು. ಮಗ್ಗಲದಾಗೇ ಕುಂತು ನಾ ರೋಡಿನ ತಗ್ಗು ನೋಡಕೋತ ಕುಂತಿದ್ದೆ, ಆಕಿನ್ನ ನೋಡಿದ್ದಿಲ್ಲ.

"ಯವ್ವಾ... ಯವ್ವಾ..." ಸಾವ್ಕಾರ್ರು ಒಳಗ ಬಗ್ಗಿದ್ರು. ಬೆರಳನ್ನ ಆಕಿ ಮೂಗಿನ ಹತ್ರ ಹಿಡದ್ರು.

ಗೌರಮ್ಮವ್ವ ಕಣ್ಣು ತಗದ್ಳು. ಮಗನ ಬೆರಳು ನೋಡಿದ್ಳು, ನನ್ನ ಮುಖ ನೋಡಿದ್ಳು.

"ಯಾಕೋ ನಿಂದ್ರಿಸಿದಿ?" ಅಂದ್ಳು. "ಎಷ್ಟು ದಿನಕ್ಕ ಕಣ್ಣಿಗೆ ನಿದ್ದಿ ಹತ್ತಿತ್ತು. ನಡಿ, ಪಾಳಿ ತಪ್ಪತದ."

ಸಾವ್ಕಾರ್ರು ಮುಂದ ಹೋಗಿ ಕುಂತು, ಸ್ಟೇರಿಂಗಿಗೆ ಹಣಿ ಹಚ್ಚಿ ಒಂದೀಟು ಹೊತ್ತು ಹಂಗೇ ಇದ್ರು. ಆಮ್ಯಾಲ ಮುಖ ಒರಸಿಕೊಂಡು ಗೇರ್ ಹಾಕಿದ್ರು. ಗೌರಮ್ಮವ್ವ ಕೌದಿ ಸರಿ ಮಾಡ್ಕೊಂಡು ಮತ್ತ ಕಣ್ಣು ಮುಚ್ಚಿದ್ಳು.